ನನ್ನ ಮಾತು ನಾನೇ ಮುಗಿಸಿದ ದಿನ

ಅಕ್ಕಾ,

ಮೊದಲ ತರಗತಿ ಮುಗಿಯಿತು. ಚೆನ್ನಾಗಿಯೇ ಮುಗಿಯಿತು. ಫೋನಿನಲ್ಲಿ ನೀನು ಕೇಳಿದಾಗ ‘ಹೂಂ, ಆಯ್ತು’ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ನಾನು ತಡವರಿಸಿದರೆ ನೀನು ಮಧ್ಯೆ ಬಾಯಿ ಹಾಕಿ ವಾಕ್ಯ ಮುಗಿಸಿಬಿಡುತ್ತೀಯ. ಕಾಗದದ ಮೇಲೆ ಆ ಭಯವಿಲ್ಲ.

ಹಳೆಯ ಕಟ್ಟಡಗಳನ್ನು ಕೆಡವದೆ ಉಳಿಸಿಕೊಳ್ಳುವ ವಿದ್ಯೆಯನ್ನು ಆರು ತಿಂಗಳು ಹೇಳಿಕೊಡಲು ಈ ಕಾಲೇಜಿನವರು ನನ್ನನ್ನು ಕರೆಸಿದ್ದಾರೆ. ಮೂರನೇ ಮಹಡಿಯ ಉದ್ದ ಕೋಣೆ, ಮೆಟ್ಟಿಲಿನಂತೆ ಏರುವ ಬೆಂಚುಗಳು, ಇಪ್ಪತ್ತೆರಡು ವಿದ್ಯಾರ್ಥಿಗಳು. ಪಾಠ ನಡೆಯುವ ಭಾಷೆ ಅವರಿಗೂ ಎರವಲು, ನನಗೂ ಎರವಲು. ನನಗೆ ಉಗ್ಗು ಇದೆಯೆಂದು ಯಾರೋ ಮೊದಲೇ ಹೇಳಿದ್ದರಿಂದ ವಿಭಾಗದ ಉಪನ್ಯಾಸಕಿಯೊಬ್ಬರು ಪಕ್ಕದಲ್ಲೇ ನಿಂತಿದ್ದರು. ನಲವತ್ತರ ಆಸುಪಾಸಿನವರು, ಬಲು ಒಳ್ಳೆಯವರು. “ಏನೂ ಚಿಂತೆ ಮಾಡ್ಬೇಡಿ ಸರ್, ನಾನಿದ್ದೀನಲ್ಲ” ಎಂದರು. ಥೇಟ್ ನಿನ್ನ ಮಾತು. ನನಗೆ ಆಗಲೇ ಅನುಮಾನ ಬಂತು.

ನನ್ನ ಹೆಸರು ಹೇಳುವಾಗಲೇ ಉಗ್ಗಿದೆ, ಅದನ್ನು ಅವರು ಹೇಳಿದರು. ಓದಿದ್ದೆಲ್ಲಿ ಎಂಬುದನ್ನೂ ಅವರೇ ಹೇಳಿದರು. ಹತ್ತು ನಿಮಿಷದೊಳಗೆ ಎಲ್ಲರ ಕಣ್ಣು ಅವರ ಮೇಲೆ. ನಾನು ಮದುವೆ ಫೋಟೋದ ಅಂಚಿನಲ್ಲಿ ನಿಂತ ದೂರದ ನೆಂಟನಂತಾದೆ. ಆಮೇಲೆ ಪಾಠ ಶುರು ಮಾಡಿದೆ: “ಗೋಡೇಲಿ ಬಿರುಕು ಕಂಡ್ರೆ ಮೊದಲು ಮಾಡ್ಬೇಕಾದ ಕೆಲಸ...” ಅಲ್ಲಿ ಮಾತು ನಿಂತಿತು. “ದುರಸ್ತಿ” ಎಂದು ಅವರು ಮುಗಿಸಿದರು. ಇಪ್ಪತ್ತೆರಡು ಪೆನ್ನುಗಳು ಅದನ್ನೇ ಬರೆದುಕೊಂಡವು.

ಅಕ್ಕಾ, ಆ ಉತ್ತರ ತಪ್ಪು ಎಂಬ ತಿಳಿವಳಿಕೆಯೇ ಇಪ್ಪತ್ತಾರು ವರ್ಷದಿಂದ ನನಗೆ ಅನ್ನ ಹಾಕಿದೆ.

“ಅಲ್ಲ” ಎಂದೆ. ಆ ಮಾತು ಎಲ್ಲೂ ಸಿಕ್ಕಿಕೊಳ್ಳದೆ ಸಲೀಸಾಗಿ ಬಂತು. “ಬರೆದದ್ದನ್ನ ಹೊಡೆದುಹಾಕಿ. ನನಗೆ ಉಗ್ಗು ಇದೆ. ಮಾತು ನಿಧಾನಕ್ಕೆ ಬರುತ್ತೆ, ಆದ್ರೆ ಬಂದೇ ಬರುತ್ತೆ. ನನ್ನ ವಾಕ್ಯ ನಾನೇ ಮುಗಿಸ್ತೀನಿ, ನೀವು ಕಾಯ್ಬೇಕು.” ಇದನ್ನು ಹೇಳಲು ಎಷ್ಟು ಹೊತ್ತಾಯಿತೋ ಲೆಕ್ಕವಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪಕ್ಕದವರು ಮೊಣಕೈಯಿಂದ ತಿವಿದರು. ಉಪನ್ಯಾಸಕಿಯ ಮುಖ ಸಣ್ಣದಾಯಿತು. ಅವರು ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತರು. ಮತ್ತೆ ಮೊದಲಿನಿಂದ ಹೇಳಿದೆ: “ಮೊದಲು ಮಾಡ್ಬೇಕಾದ ಕೆಲಸ, ನೋ... ನೋಡೋದು. ಬಿರುಕು ಬೆಳೀತಿದೆಯೋ, ನಿಂತಿದೆಯೋ ಅಂತ ನೋಡೋದು.”

ಅಷ್ಟು ಹೇಳಿ ಎಲ್ಲರನ್ನೂ ಮೆಟ್ಟಿಲ ಬಳಿಗೆ ಕರೆದುಕೊಂಡು ಹೋದೆ. ಅಲ್ಲಿನ ಗೋಡೆಯಲ್ಲಿ ಒಂದು ಬಿರುಕನ್ನು ಬೆಳಿಗ್ಗೆಯೇ ನೋಡಿಟ್ಟಿದ್ದೆ. ನೀನು ಕತ್ತರಿಸಿ, ಹತ್ತಿ ಸುತ್ತಿ ಕೊಟ್ಟ ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡವಾಗಿ ಮೆತ್ತಿ, ಪಕ್ಕದಲ್ಲಿ ತಾರೀಕು ಬರೆದೆ. ಗೋಡೆ ಕೂದಲೆಳೆಯಷ್ಟು ಸರಿದರೂ ಈ ಗಾಜು ಒಡೆಯುತ್ತದೆ ಎಂದೆ. ಒಬ್ಬ ಹುಡುಗಿ ಬಗ್ಗಿ ಅಂಚನ್ನೇ ನೋಡುತ್ತ, “ಎಷ್ಟು ನೇರ ಇದೆ ಸರ್. ಯಾರು ಕತ್ತರಿಸಿದ್ದು?” ಎಂದಳು.

“ನಮ್ಮಕ್ಕ.”

“ಅವರೂ ಇಂಜಿನಿಯರಾ?”

ನಾನು ಅಲ್ಲೇ ನಿಂತುಬಿಟ್ಟೆ. ಇದು ಉಗ್ಗಲ್ಲ ಅಕ್ಕ. ಉಗ್ಗಿದ್ದಾಗ ಮಾತು ತುಟಿಯವರೆಗಾದರೂ ಬಂದಿರುತ್ತದೆ. ಈ ಸಲ ಯಾರೂ ಮುಗಿಸಲು ಬರಲಿಲ್ಲ, ಎಲ್ಲರೂ ಕಾದರು. ಕೊನೆಗೆ, “ಆಗ್ಬಹುದಾಗಿತ್ತು” ಎಂದೆ.

ಅಪ್ಪನ ಕಣ್ಣು ಮಂಜಾದ ವರ್ಷ ನಿನಗೂ ನೆನಪಿರಬೇಕು. ನನಗೆ ಹದಿನೈದು, ನಿನಗೆ ಹದಿನೆಂಟು. ನಮ್ಮ ಅಂಗಡಿಯಲ್ಲಿ ಗಾಜು ಕತ್ತರಿಸುವ ಮೇಜಿಗೆ ಒರಗಿ ಅಪ್ಪ, “ಇನ್ಮೇಲೆ ಅಂಗಡೀಲಿ ಒಬ್ರು ನಿಲ್ಬೇಕು. ನೀನೇನಂತೀಯೋ?” ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನೀನು, “ಅವನು ಓದ್ತಾನಪ್ಪ, ಅಂಗಡಿ ನಾನು ನೋಡ್ಕೋತೀನಿ” ಎಂದೆ. ನನ್ನ ಮನಸ್ಸಿನಲ್ಲಿದ್ದದ್ದನ್ನೇ ನೀನು ಹೇಳಿದೆ ಎಂದು ಎಲ್ಲರೂ ತಿಳಿದರು. ನಾನು ಹೇಳಹೊರಟಿದ್ದು ಬೇರೆ: ‘ಸರದಿಯಂತೆ ಇಬ್ರೂ ನಿಲ್ತೀವಿ, ಅಕ್ಕನೂ ಓದ್ಲಿ.’ ಮಾರನೆಯ ದಿನ ಹೇಳಬಹುದಿತ್ತು. ಅದರ ಮಾರನೆಯ ದಿನವಾದರೂ ಹೇಳಬಹುದಿತ್ತು. ನನಗೆ ಓದು ಬೇಕಿತ್ತು, ಅದಕ್ಕೇ ಸುಮ್ಮನಾದೆ. ತಪ್ಪನ್ನು ಉಗ್ಗಿನ ತಲೆಗೆ ಕಟ್ಟಿ ಇಷ್ಟು ವರ್ಷ ಕಳೆದೆ.

ತರಗತಿಯಾದ ಮೇಲೆ ಉಪನ್ಯಾಸಕಿ ಬಂದು, “ನಿಮಗೆ ಕಷ್ಟ ಆಗ್ಬಾರ್ದು ಅಂತ ಹೇಳ್ದೆ ಸರ್” ಎಂದರು. “ಗೊತ್ತು” ಎಂದೆ. ನಿಜವಾಗಿಯೂ ಗೊತ್ತಿತ್ತು, ಅಂಥವರ ಕೈಯಲ್ಲೇ ಬೆಳೆದವನಲ್ಲವೇ ನಾನು.

ಈಗ ಮುಖ್ಯ ವಿಷಯ. ಕೊನೆಯ ತಿಂಗಳಲ್ಲಿ ಎರಡು ವಾರ ವಿದ್ಯಾರ್ಥಿಗಳಿಗೆ ಗಾಜಿನ ಕೆಲಸ ಕಲಿಸಬೇಕು. ನಿನ್ನನ್ನು ಕರೆಸೋಣವೆಂದು ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ವಿದ್ಯಾರ್ಹತೆ ಏನೆಂದು ಕೇಳಿದರು. ‘ಮೂವತ್ತಾರು ವರ್ಷದ ಕೈಕೆಲಸ’ ಎಂದು ಬರೆದುಕೊಟ್ಟೆ. ಮೆಟ್ಟಿಲ ಬಳಿಯ ಆ ಪಟ್ಟಿಯನ್ನು ಹೋಗಿ ನೋಡಿಬಂದು ರುಜು ಹಾಕಿದರು. ಆಹ್ವಾನಪತ್ರ ಇದರ ಜೊತೆಗಿದೆ.

ನಿನ್ನ ಪರವಾಗಿ ನಾನು ಹೂಂ ಎಂದಿಲ್ಲ. ಬರುತ್ತೀಯೋ ಇಲ್ಲವೋ ನೀನೇ ಹೇಳು. ಯೋಚಿಸು, ಬೇಕಾದಷ್ಟು ಹೊತ್ತು ತೆಗೆದುಕೋ.

ನಿನ್ನ ಕೈಗಳು ತಣ್ಣಗಿರಲಿ.

ಉತ್ತರಕ್ಕೆ ಕಾದಿರುವ,
ನಿನ್ನ ತಮ್ಮ