ಅವ್ವನ ಬೋಣಿ

ಕೂಡ್ಲಿಗಿ
ಫೆಬ್ರವರಿ 9, 2025

ಗುರುಬಸವರಾಜರಿಗೆ,

‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ. ಹೆಸರಷ್ಟೇ ಸಾಕು.

ನಿಮ್ಮ ಬೆದರಿಕೆಯ ಪತ್ರ ಮುಟ್ಟಿತು. ಕೊಟ್ಟೂರಿನ ತಂಬಾಕಿನ ಅಂಗಡಿಗೆ ಬೀಗ ಬೀಳಿಸಿದವಳು ಹೆಂಡತಿಯಾದ ನಾನೇ, ಹಿರಿಯರ ಮುಂದೆ ಬಂದು ದೂರು ವಾಪಸ್ ತೆಗೆದುಕೊಳ್ಳದಿದ್ದರೆ ನಿಮ್ಮ ಹೊಸ್ತಿಲು ತುಳಿಯಬಾರದು ಅಂದಿದ್ದೀರಿ. ಹೊಸ್ತಿಲು ನೀವೇ ಇಟ್ಟುಕೊಳ್ಳಿ. ಇಲ್ಲಿನ ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ ಸಿಕ್ಕಿದೆ, ನನ್ನ ಅನ್ನ ನಾನು ತಿನ್ನುತ್ತೇನೆ. ದೂರು ಮಾತ್ರ ನಾನು ಕೊಟ್ಟಿಲ್ಲ. ಕೊಡಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿದೆ.

ನಿಮ್ಮ ಅಜ್ಜ ಹೊಗೆಸೊಪ್ಪಿನ ಪೆಂಡಿ ಹೊತ್ತು ಸಂತೆ ಸಂತೆ ತಿರುಗಿದರಂತೆ, ಅಪ್ಪ ಕಡ್ಡಿಪುಡಿ ತಂಬಾಕು ಮಾರಿ ಮನೆ ಕಟ್ಟಿದರಂತೆ. ತಲೆಮಾರಿನ ಕಸುಬು ಎಂದು ಎದೆ ತಟ್ಟಿಕೊಳ್ಳುತ್ತೀರಿ. ಅವರ್‍ಯಾರೂ ಶಾಲೆಯ ಗೇಟಿನೆದುರು ಅಂಗಡಿ ಇಡಲಿಲ್ಲ. ಗುಟ್ಕಾ ನಿಷೇಧವಾದಾಗ ನೀವು ಮಾಡಿದ್ದೇನು? ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು, ಕೂಡಿಸಿಕೊಳ್ಳುವವನು ಗಿರಾಕಿ! ಪೊಟ್ಟಣದ ಮೇಲಿನ ಕೊಳೆತ ಬಾಯಿಯ ಚಿತ್ರ ಕಾಣದಂತೆ ಸರವನ್ನು ಗೋಡೆ ಕಡೆಗೆ ತಿರುವಿ ನೇತುಹಾಕಿದ ಬುದ್ಧಿವಂತರು ನೀವು.

ಇನ್ನು ಆ ಬೋಣಿ. ದಿನಾ ಬೆಳಿಗ್ಗೆ ಅಂಗಡಿ ತೆರೆದೊಡನೆ ಮೊದಲ ಚಿಟಿಕೆ ಕಡ್ಡಿಪುಡಿ ಹೆತ್ತವ್ವನ ಅಂಗೈಗೆ. ಅತ್ತೆ ಶಿವಬಸಮ್ಮ ಬಾಯಿಗೆ ಹಾಕಿಕೊಂಡರೆ ವ್ಯಾಪಾರ ಭರ್ಜರಿ ಎಂಬ ನಂಬಿಕೆ ನಿಮ್ಮದು. ಊರೆಲ್ಲ ನಿಮ್ಮ ಮಾತೃಭಕ್ತಿಯನ್ನು ಹೊಗಳಿತು. ದೀಪಾವಳಿ ಹೊತ್ತಿಗೆ ಅತ್ತೆಗೆ ಖಾರ ಸೋಕಿದರೂ ಬಾಯಿ ಉರಿ, ರೊಟ್ಟಿ ಚೂರು ಇಡುವಷ್ಟೂ ದವಡೆ ಬಿಚ್ಚದು. ನಿಮಗೆ ಹೇಳಿದರೆ, ಕೆನ್ನೆಯೊಳಗಿನ ತಂಬಾಕು ಆಚೀಚೆ ಸರಿಸಿ, ‘ಉಷ್ಣ ಆಗೈತಿ, ಮಜ್ಜಿಗಿ ಕುಡೀಲಿ’ ಅಂದಿರಿ. ಮರುದಿನ ಮತ್ತೆ ಚಿಟಿಕೆ. ಮಗನ ವ್ಯಾಪಾರ ಕೆಡಬಾರದೆಂದು ಅವರು ಕಣ್ಣಲ್ಲಿ ನೀರು ತುಂಬಿಕೊಂಡೇ ಹಾಕಿಕೊಂಡರು. ಅದಕ್ಕೇ ಜಗಳವಾಡಿ ನಾನು ಮನೆ ಬಿಟ್ಟೆ. ನಿಮ್ಮನ್ನು ಕ್ಷಮಿಸುವ ಮನಸ್ಸು ನನಗಿಲ್ಲ.

ನಾನು ಬರುವುದಿಲ್ಲ. ಹಿರಿಯರನ್ನು ಕೂರಿಸಿಕೊಂಡು ಕಾಯಬೇಡಿ.

ವಾಣಿಶ್ರೀ

ತಾ.ಕ.: ನಿಮ್ಮವ್ವ ಕೋಗಳಿಯ ತಮ್ಮನ ಮನೆಗೆ ಹೋಗಿದ್ದಾರೆಂದು ನೀವು ನಂಬಿದ್ದೀರಿ. ಅವರು ನನ್ನ ಕೋಣೆಯಲ್ಲಿದ್ದಾರೆ, ಗಂಜಿ ಕುಡಿಸುತ್ತಿದ್ದೇನೆ. ಬಾಯಿಯ ಹುಣ್ಣು ಕ್ಯಾನ್ಸರ್ ಅಂದರು ಡಾಕ್ಟರು. ಮುಂದಿನ ವಾರ ಬಳ್ಳಾರಿಯಲ್ಲಿ ಆಪರೇಷನ್. ಅದನ್ನು ಕೇಳಿದ ದಿನವೇ ಆರೋಗ್ಯಾಧಿಕಾರಿಗಳ ಕಚೇರಿಗೆ ನಡೆದು, ಶಾಲೆಯ ಎದುರೇ ತಂಬಾಕು ಮಾರುತ್ತಾನೆಂದು ದೂರು ಬರೆಸಿ ಹೆಬ್ಬೆಟ್ಟು ಒತ್ತಿದವರು ಅವರೇ. ನಿಮಗೆ ತಿಳಿಸಲೇ ಎಂದು ಕೇಳಿದೆ. ಬಿಚ್ಚದ ಬಾಯಲ್ಲೇ ತೊದಲಿದರು: ‘ಬರೂದಾದ್ರ ಬರ್ಲಿ. ಬಾಯಿ ತೊಳಕೊಂಡು ಬರಾಕ ಹೇಳು.’