ಚಕ್ಕುಲಿ ಡಬ್ಬಿಯಲ್ಲಿ ಎಂಬತ್ನಾಲ್ಕು ಜೀವರಾಶಿ

ಚನ್ನಗಿರಿ
೧೪ ಜೂನ್ ೨೦೨೪, ಶುಕ್ರವಾರ

ಪ್ರೀತಿಯ ಅಮ್ಮಾ,

ಕುಶಲ ಕೇಳುವ ಮುನ್ನವೇ ಶರಣಾಗುವುದು ಕ್ಷೇಮ. ಸಾವಂತ್ರಮ್ಮನವರ ಏಕೈಕ ಪುತ್ರನೂ ಪ್ರಾಣಿಶಾಸ್ತ್ರದಲ್ಲಿ ಪ್ರಥಮ ದರ್ಜೆಯವನೂ ಆದ ರಂಗನಾಥನೆಂಬ ನಾನು, ಕಳೆದ ಮಂಗಳವಾರ ಮಟಮಟ ಮಧ್ಯಾಹ್ನ, ಪೂರ್ಣ ಎಚ್ಚರದಲ್ಲಿದ್ದು, ನಿನ್ನ ಚಕ್ಕುಲಿ ಡಬ್ಬಿಯನ್ನು ಕದ್ದಿದ್ದೇನೆ. ಚಕ್ಕುಲಿ ತಿಂದದ್ದು ಬೇರೆಯೇ ಮೊಕದ್ದಮೆ. ನಿನ್ನ ಮಂಡಿನೋವು ಹೇಗಿದೆ? ಪುಷ್ಪಕ್ಕನ ಕೂಸು ನಿನ್ನ ಮೂಗುತಿ ಎಳೆಯುವುದನ್ನು ಬಿಟ್ಟಿತೇ? ಬಿಳಿಚೋಡಿನ ಬಿಸಿಲಲ್ಲಿ ಬರಿಗಾಲಲ್ಲಿ ಓಡಾಡಬೇಡ. ಈಗ ಕೂತುಕೊಂಡು ಓದು: ಡಬ್ಬಿ ನಮ್ಮ ಫ್ರಿಜ್ಜಿನ ಐಸ್ ಖಾನೆಯಲ್ಲಿದೆ, ಒಳಗಿರುವುದು ಮಾಂಸ.

ಅಡುಗೆಯದಲ್ಲಮ್ಮಾ, ವಿಜ್ಞಾನದ್ದು. ಸತ್ತ ಪ್ರಾಣಿಯ ಉಗುರಿನಷ್ಟು ಅಂಗಾಂಶವನ್ನು ಪುಟ್ಟ ಸೀಸೆಯಲ್ಲಿ ಸ್ಪಿರಿಟ್ ಹಾಕಿ, ಜೊತೆಗೆ ಅದರ ಹೆಸರು, ಊರು, ನಂಬರಿನ ಚೀಟಿ ಮುಳುಗಿಸಿ ತಣ್ಣಗಿಡುತ್ತೇವೆ. ಮುಂದೆ ಎಂದಾದರೂ ಯಾರಾದರೂ ಆ ಚೂರಿನಿಂದ ಪ್ರಾಣಿಯ ವಂಶಾವಳಿಯನ್ನೇ ಓದಿಯಾರು. ಹೊನ್ನಾಳಿ ಹೊಳೆಯ ನೀರುನಾಯಿ, ನ್ಯಾಮತಿ ಗುಡ್ಡದ ಮುಳ್ಳುಹಂದಿ, ಜಗಳೂರು ಕಾಡಂಚಿನಲ್ಲಿ ಲಾರಿಗೆ ಸಿಕ್ಕ ನಾಲ್ಕು ಕೊಂಬಿನ ಕೊಂಡುಕುರಿ, ಹೀಗೆ ಒಟ್ಟು ಎಂಬತ್ನಾಲ್ಕು. ಪುರಾಣದಲ್ಲಿ ಎಂಬತ್ನಾಲ್ಕು ಲಕ್ಷ ಜೀವರಾಶಿಯಂತೆ. ನಮ್ಮ ಮ್ಯೂಸಿಯಮ್ಮಿಗೆ ಲಕ್ಷದ ಅನುದಾನ ಬಂದಿಲ್ಲ.

ಮಂಗಳವಾರ ಮ್ಯೂಸಿಯಮ್ಮಿನ ಫ್ರೀಜರ್ ಪ್ರಾಣ ಬಿಟ್ಟಿತು. ಮುಖ್ಯಸ್ಥರಾದ ಪ್ರದೀಪ್ ಸಾಹೇಬರ ಬಳಿಗೆ ಓಡಿದೆ. ಹೆಸರಲ್ಲಷ್ಟೇ ದೀಪ, ಉಳಿದೆಡೆಯೆಲ್ಲ ಲೋಡ್ ಶೆಡ್ಡಿಂಗ್. ನೂರು ವರ್ಷದ ಆಮೆಚಿಪ್ಪಿನಲ್ಲಿ ಬೈಕಿನ ಕೀಲಿಕೈ ಹಾಕಿಡುವ ಮಹಾನುಭಾವರು. "ಮ್ಯೂಸಿಯಂ ಅಂದ್ರೆ ಸತ್ತಿದ್ದನ್ನ ಇಡೋ ಜಾಗ ಕಣ್ರೀ. ಫ್ರೀಜರ್ರೂ ಸತ್ತಿದ್ರೆ ಅದನ್ನೂ ಇಡಿ" ಎಂದು ತಮ್ಮ ಜೋಕಿಗೆ ತಾವೇ ನಕ್ಕರು. ಅಂಗಾಂಶವೆಂದರೆ ಅಂಗದ ಅಂಶ. ಅವರ ಬುದ್ಧಿಯೂ ಹಾಗೆಯೇ, ಅಂಶಮಾತ್ರ. ಹಾಗಾಗಿ ನಿನ್ನ ಫ್ರಿಜ್ಜೇ ಗತಿಯಾಯಿತು.

ಅಟೆಂಡರ್ ಅಂಜಿನಪ್ಪ ಗೊತ್ತಲ್ಲ, ಈಗ ನೀನಿರುವ ಬಿಳಿಚೋಡಿನವನೇ, ಕುರಿ ಕಾಯುವ ಮನೆತನ. ಅವನು ಅಡ್ಡ ಬಂದ: "ಸೀಸೆ ಸ್ಟ್ಯಾಂಡ್ ಸಮೇತ ಒಯ್ಯಾನ್ರೀ ಸಾರ್. ಸಾಲು ಕೆಟ್ರೆ ಯಾವ್ದು ಯಾವ್ದಂತ ಹೆಂಗೆ ಗೊತ್ತಾಗತೈತೆ?" ಎಂದ. ಚೀಟಿ ಇಲ್ಲವೇನಯ್ಯ ಎಂದು ಗದರಿಸಿದೆ. ಸ್ಟ್ಯಾಂಡು ಐಸ್ ಖಾನೆಯಲ್ಲಿ ಹಿಡಿಸದು. ಸೀಸೆಗಳನ್ನು ಹುರಿಗಾಳಿನ ಹಾಗೆ ಡಬ್ಬಿಗೆ ಸುರಿದೆ. ನಿನ್ನೆ ಒಂದನ್ನೆತ್ತಿ ನೋಡಿದರೆ ಸ್ಪಿರಿಟ್ ತಿಳಿನೀಲಿ, ಚೀಟಿ ಮಡಿಪಂಚೆಯಷ್ಟು ಬಿಳಿ. ಎಂಬತ್ನಾಲ್ಕೂ ಹಾಗೆಯೇ. ಸ್ಪಿರಿಟ್ ಕುಡಿದವರು ಹೆಸರು ಮರೆಯುವುದನ್ನು ಕಂಡಿದ್ದೆ. ಇಲ್ಲಿ ಸ್ಪಿರಿಟ್ಟೇ ಹೆಸರುಗಳನ್ನು ಕುಡಿದಿತ್ತು. ನಂಬರೂ ಅಳಿಸಿದ ಮೇಲೆ ರಿಜಿಸ್ಟರ್ ಇದ್ದು ಏನು ಫಲ?

ಸಿಟ್ಟು ಬಂತು. "ಕುರಿ ಕಾಯೋನ ಕೈಗೆ ಲೇಬಲ್ ಕೊಟ್ರೆ ಹಿಂಗೇ ಆಗೋದು" ಎಂದು ಎಲ್ಲರೆದುರು ಕೂಗಿದೆ. ಅಂಜಿನಪ್ಪ ಬೀಗದಕೈ ಗೊಂಚಲನ್ನು ಮೇಜಿನ ಮೇಲಿಟ್ಟು, "ಎಂಟು ವರ್ಷ ಕುರಿ ಕಾದೋನು ಸಾರ್ ನಾನು, ಅದ್ಕೇ ನಿಮ್ಮನ್ನ ಸಹಿಸ್ಕಂಡಿದ್ದೆ" ಎಂದವನೇ ಊರಿಗೆಂದು ಜಗಳೂರು ಬಸ್ಸು ಹತ್ತಿದ. ಹೋಗಲಿ! ಸೋಮವಾರ ದೊಡ್ಡ ಸಂಗ್ರಹಾಲಯದಿಂದ ಪ್ರೇಮಲತಾ ಮೇಡಂ ಕೊಂಡುಕುರಿಯ ಚೂರು ನೋಡಲೆಂದೇ ಬರುತ್ತಿದ್ದಾರೆ. ನಮ್ಮಲ್ಲಿರುವುದು ಅದೊಂದೇ. ಯಾವ ಸೀಸೆಯೆಂದು ತೋರಿಸದಿದ್ದರೆ ಅಷ್ಟನ್ನೂ ಗುಂಡಿಗೆ ಸುರಿಯುತ್ತಾರಂತೆ, ವರ್ಷದ ಕರಾರಿನ ನನ್ನ ಹುದ್ದೆಯನ್ನೂ ಸೇರಿಸಿ. ನೀನು ಹೆದರಬೇಡ. ಚೂರಿನ ಎಳೆ ನೋಡಿ ಪ್ರಾಣಿಯ ಹೆಸರು ಹೇಳುವ ಕಣ್ಣು ಈ ತಾಲ್ಲೂಕಿನಲ್ಲಿ ನಿನ್ನ ಮಗನಿಗೊಬ್ಬನಿಗೇ ಇರುವುದು. ಇದಕ್ಕೆ ಅಂಜಿನಪ್ಪನೇ ಬೇಕೇ?

ಪುಷ್ಪಕ್ಕನಿಗೆ, ಭಾವನಿಗೆ ನನ್ನ ನೆನಪು ತಿಳಿಸು. ಕೂಸಿನ ಕೆನ್ನೆಗೆ ನನ್ನ ಪರವಾಗಿ ಮೆಲ್ಲಗೆ ಒಂದು ಚಿವುಟು. ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ, ನೋಯುವ ಮಂಡಿಗೆ ಎರಡು ಸಲ.

ನಿನ್ನ ಮಗ
ರಂಗನಾಥ್

ತಾ.ಕ.: ಬಸ್ಸು ಹೊರಡುತ್ತಿದೆ, ಕಂಡಕ್ಟರ್ ದೊಡ್ಡಣ್ಣನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಫೋನಿನಲ್ಲಾದರೆ ನಿನ್ನ ಬೈಗುಳ ಆಗಲೇ ತಲುಪಿಬಿಡುತ್ತದೆ. ಎಳೆ ನೋಡಿದೆ. ನೀರುನಾಯಿಯೂ ಮುಳ್ಳುಹಂದಿಯೂ ಕೊಂಡುಕುರಿಯೂ ಒಂದೇ ಥರ ಬೆಂದ ಆಲೂಗಡ್ಡೆ. ಆದರೆ ಭೂತಗನ್ನಡಿ ಹಿಡಿದಾಗ ಪ್ರತಿ ಚೀಟಿಯ ಅಂಚಿನಲ್ಲೂ ಕತ್ತರಿಯ ಸಣ್ಣ ಕಚ್ಚು ಕಂಡಿತು: ಒಂದಕ್ಕೆ ಎಡಕ್ಕೆರಡು, ಇನ್ನೊಂದಕ್ಕೆ ಬಲಕ್ಕೊಂದು, ಮತ್ತೊಂದಕ್ಕೆ ಮೂಲೆಯೇ ಇಲ್ಲ. ಹಿಂಡು ಬೆರೆತರೂ ತಮ್ಮದು ತಿಳಿಯಲೆಂದು ಬಿಳಿಚೋಡಿನವರು ಕುರಿಯ ಕಿವಿಗೆ ಹಾಕುವ ಕಚ್ಚು. ನನಗೆ ಹೇಳದೆ ಎಂಬತ್ನಾಲ್ಕಕ್ಕೂ ಹಾಕಿಟ್ಟಿದ್ದಾರೆ. ಅದನ್ನು ಓದಲು ಅಂಜಿನಪ್ಪನವರಿಗೆ ಮಾತ್ರ ಬರುತ್ತದೆ, ಅವರು ನನ್ನ ಫೋನ್ ಎತ್ತುತ್ತಿಲ್ಲ. ನಾಳೆಯೇ ಅವರ ಮನೆಗೆ ಹೋಗಮ್ಮಾ, ಭಾನುವಾರದೊಳಗೆ ಕರೆದುಕೊಂಡು ಬಾ. ಅವರು ಏನು ಕೇಳುತ್ತಾರೆಂದು ಗೊತ್ತು, ಮೊದಲೇ ಹೇಳಿಬಿಡುತ್ತೇನೆ. ಆ ಚೀಟಿಗಳನ್ನೆಲ್ಲ ಅವರು ಪೆನ್ಸಿಲ್ಲಿನಲ್ಲಿ ಬರೆದಿದ್ದರು. ಒಂದನೇ ಕ್ಲಾಸಿನ ಅಕ್ಷರ ಎಂದು ಹೋದ ತಿಂಗಳು ನಾನೇ ಅಳಿಸಿದೆ. "ಸಾರ್, ಪೆನ್ನು ಸ್ಪಿರಿಟ್ನಾಗೆ ನಿಲ್ಲಲ್ರೀ" ಅಂದರು. ನನ್ನ ಕೈಬರಹ ನೋಡಿ ಕಲಿ ಎಂದು, ನೀಲಿ ಜೆಲ್ ಪೆನ್ನಿನಲ್ಲಿ ಎಂಬತ್ನಾಲ್ಕನ್ನೂ ಬರೆದವನು ನಾನು.