ನಡುವಿನ ತುಂಡು

ರೀ,

ನಿಮ್ಮ ಪುಟಾಣಿ ಉಗಿ ಎಂಜಿನ್ನಿನ ಚಕ್ರ ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಇವತ್ತು ಮುಗಿಯಿತು. ಮುಗಿಸಿದ್ದು ನಾನೇ. ಕೂದಲು ಬಿಗಿಯಾಗಿ ಕಟ್ಟಿಕೊಂಡೇ ಲೇತ್ ಯಂತ್ರದ ಹತ್ತಿರ ಹೋದೆ, ಬಯ್ಯಬೇಡಿ. ಇಷ್ಟು ವರ್ಷ ಪಕ್ಕದಲ್ಲಿ ನಿಂತು ಎಣ್ಣೆ ಹನಿಸಿದವಳಿಗೆ ಅಷ್ಟೂ ಬರುವುದಿಲ್ಲವೇ?

ಉದ್ದನೆಯ ಸರಳಿಗೆ ಎರಡು ತೋಳು ಕೂರಿಸಿ, ಪಿನ್ನು ಬಡಿದು ಇಟ್ಟಿದ್ದಿರಿ. ತೋಳುಗಳ ನಡುವೆ ಉಳಿದ ಸರಳಿನ ತುಂಡು ಕೊಯ್ದು ತೆಗೆಯುವುದೊಂದೇ ಬಾಕಿ ಇತ್ತು. "ಮೊದಲೇ ಕೊಯ್ದರೆ ಸೊಟ್ಟ ಆಗತ್ತೆ ಕಣೇ, ಅದನ್ನ ಕೊನೇಲೇ ತೆಗೀಬೇಕು" ಅನ್ನುತ್ತಿದ್ದಿರಿ. ಆಸ್ಪತ್ರೆಗೆ ಹೊರಟಾಗಲೂ "ಬಂದು ಕೊಯ್ತೀನಿ" ಅಂದಿರಿ.

ಗರಗಸದಲ್ಲಿ ಕೊಯ್ದೆ. ಉಳಿದ ಮೊಂಡನ್ನು ಲೇತಿನಲ್ಲಿ ಮೆಲ್ಲಗೆ ಸವರುತ್ತಿದ್ದಾಗ ಮಗಳು ಊಟಕ್ಕೆ ಕರೆದಳು. "ಒಂದೇ ನಿಮಿಷ" ಅಂದುಬಿಟ್ಟೆ. ಅವಳು ಬಾಗಿಲಲ್ಲೇ ನಿಂತು ನನ್ನನ್ನೇ ನೋಡಿದಳು. ಆ ಒಂದು ನಿಮಿಷಕ್ಕಾಗಿ ನಾನು ನಿಮ್ಮ ಮೇಲೆ ಎಷ್ಟು ರೇಗಿಲ್ಲ!

ಇಬ್ಬರೂ ಸೇರಿ ಚಕ್ರ ಹಾಕಿ ತಿರುಗಿಸಿದೆವು. ಚೂರೂ ಓಲಾಡಲಿಲ್ಲ ರೀ.

ಕೊಯ್ದ ತುಂಡಿನ ಮೇಲೆ, ಕೊಯ್ಯುವಾಗ ತಪ್ಪದಿರಲಿ ಅಂತ, "ಇದು ಬೇಡ" ಎಂದು ಮೊಳೆಯಲ್ಲಿ ಗೀಚಿದ್ದಿರಿ. ನಿಮ್ಮದೇ ವಕ್ರ ಅಕ್ಷರ. ಎಂಜಿನ್ನನ್ನು ಮಗಳು ತನ್ನ ಮನೆಗೆ ಒಯ್ಯುತ್ತಾಳಂತೆ, ಒಯ್ಯಲಿ. ಆ ತುಂಡನ್ನು ಮಾತ್ರ ನಾನು ಯಾರಿಗೂ ಕೊಡುವುದಿಲ್ಲ.